ಪಂಚಮಿ ಉಡುಗೊರೆಗೆ ಟ್ಯಾಟಿಂಗ್ ಹೂಗಳು: ಸದಸ್ಯೆಯರ ಗಮನಕ್ಕೆ

ಎಲ್ಲ ಅಕ್ಕ-ತಂಗಿಯರಿಗೂ ನಮಸ್ಕಾರ.

ನಾಗಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಕೊಡಲಿರುವ ಗುಳೇದಗುಡ್ಡ ಖಣದ ಚೀಲಗಳ ಮೇಲೆ ಹೊಲಿಯಲು ಟ್ಯಾಟಿಂಗ್ (ದಾರಕ್ಕೆ ಸಾಲಾಗಿ ಗಂಟು ಹಾಕುತ್ತಾ ಹೆಣೆಯುವ) ಲೇಸಿನ ಸಣ್ಣ ಹೂಗಳು ಬೇಕಾಗಿದ್ದು, ಹೆಸರು ಕೊಟ್ಟಿರುವವರೆಲ್ಲರೂ ಬರುವ ಭಾನುವಾರ ಮಧ್ಯಾಹ್ನ 3 ಗಂಟೆಗೆ ಬಾಗಲಕೋಟೆಯ ನವನಗರದಲ್ಲಿ ಎಂದಿನ ಜಾಗಕ್ಕೆ ಬರಬೇಕೆಂದು ವಿನಂತಿ. ಶಟಲ್ (ದಾರ ಸುತ್ತಿಟ್ಟು ಗಂಟು ಹಾಕುವ ಪುಟ್ಟ ಸಾಧನ), ಸಣ್ಣ ಕತ್ತರಿ, ಸಪೂರ ಕ್ರೋಶಾ ಕಡ್ಡಿ ಹಾಗೂ 20ನೇ ನಂಬರಿನ ಹತ್ತಿ ದಾರ ತನ್ನಿ. ನಂಬರು ಹೆಚ್ಚಿದಷ್ಟೂ ದಾರ ಸಣ್ಣದಾಗುವುದರಿಂದ ಹೊಸಬರು 40 ಅಥವಾ 80ರ ದಾರವನ್ನು ಸದ್ಯಕ್ಕೆ ಕೊಳ್ಳದಿರುವುದು ಒಳ್ಳೆಯದು. ಖಣದ ಗಾಢ ಬಣ್ಣಗಳ ಮೇಲೆ ಬಿಳಿ ದಾರವೇ ಎದ್ದು ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಗಂಟುಗಳ ಸಾಲನ್ನು ಎಳೆದು ದುಂಡಗೆ ಮಾಡುವ ಉಂಗುರ ಮುಚ್ಚಿಕೊಳ್ಳುತ್ತಿಲ್ಲವೆಂದು ಹಲವರು ಕೇಳಿದ್ದೀರಿ. ಶಟಲಿನ ದಾರ ಬಿಗಿಯಾಗಿ ನೇರವಾಗಿದ್ದು, ಗಂಟು ಕೈಗೆ ಸುತ್ತಿಕೊಂಡ ದಾರದಲ್ಲಿ ಮೂಡಬೇಕು. ಶಟಲಿನ ದಾರವೇ ಗಂಟಾದರೆ ಎಷ್ಟು ಎಳೆದರೂ ಉಂಗುರ ಕೂಡುವುದಿಲ್ಲ. ಆದ್ದರಿಂದ ಪ್ರತಿ ಅರ್ಧ ಗಂಟು (ಎರಡು ಸೇರಿದರೆ ಒಂದು ಪೂರ್ಣ ಗಂಟು) ಹಾಕಿದೊಡನೆ ಅದು ಸರಾಗವಾಗಿ ಜಾರುತ್ತದೆಯೇ ಎಂದು ನೋಡಿಕೊಂಡೇ ಮುಂದುವರಿಯಿರಿ. ಎರಡು ಬಣ್ಣದ ದಾರ ಜೋಡಿಸಿ ಅಭ್ಯಾಸ ಮಾಡಿದರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಮುಗಿದ ಹೂಗಳಿಗೆ ತೆಳ್ಳಗೆ ಗಂಜಿ ಹಾಕಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಹರಡಿ ಒಣಗಿಸಿ ತನ್ನಿರಿ.

ಬರುವವರು ಮತ್ತು ಹೆಚ್ಚುವರಿ ಶಟಲ್ ಇರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.