ಮೀನಿಗೆ ಬಿಡುವ ನೀರು ಎಷ್ಟು?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪುಣೆಯಲ್ಲಿ ಎಲ್ಲರ ಬಾಯಲ್ಲೂ ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಪಾನ್‌ಶೇತ್ ಡ್ಯಾಮಿನಲ್ಲಿ ಎಷ್ಟು ಉಳಿದಿದೆ, ನಲ್ಲಿ ನೀರು ಕಡಿತ ಯಾವಾಗ ಶುರು, ಇದೇ ಮಾತು. ಆಗ ಯಾರಾದರೂ ಮೀನಿಗೂ ಸ್ವಲ್ಪ ನೀರು ನದಿಗೆ ಬಿಡಿ ಅಂದರೆ ಮುಗೀತು. "ಮನುಷ್ಯರಿಗೇ ಇಲ್ಲ, ಮೀನಿಗೆ ಎಲ್ಲಿಂದ ತರೋಣ" ಅನ್ನುತ್ತಾರೆ. ಮಂಡ್ಯದ ಕಡೆಯ ನಮ್ಮ ನೆಂಟರೂ ಕೆಆರ್‌ಎಸ್ ಬಗ್ಗೆ ಇದನ್ನೇ ಹೇಳುತ್ತಾರೆ.

ಸರಿ, ಲೆಕ್ಕ ಹಾಕೋಣ. ಖಡಕವಾಸ್ಲಾ, ಪಾನ್‌ಶೇತ್, ವರಸಗಾಂವ್, ಟೇಮ್‌ಘರ್ ಈ ನಾಲ್ಕೂ ಡ್ಯಾಮ್ ತುಂಬಿದರೆ ಸುಮಾರು 29 ಟಿಎಂಸಿ. ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಪೂರ್ತಿ ಹರಿದರೆ 86,400 ಘನ ಅಡಿ. ಉದಾಹರಣೆಗೆ 50 ಕ್ಯೂಸೆಕ್‌ನಂತೆ 120 ದಿನ ಬಿಟ್ಟರೂ ಅರ್ಧ ಟಿಎಂಸಿಗಿಂತ ಚೂರು ಜಾಸ್ತಿ, ನೂರಕ್ಕೆ ಎರಡು ಪಾಲೂ ಆಗಲಿಲ್ಲ. ಮೇ ಕೊನೆಗೆ ಜಲಾಶಯದ ತಳ ಕಾಣುವಾಗ ಅರ್ಧ ಟಿಎಂಸಿಯೂ ದೊಡ್ಡದೇ, ಅದು ಗೊತ್ತು. ಆದರೆ ಡ್ಯಾಮ್ ಬರಿದಾಗುವುದು ಮೀನಿನಿಂದ ಅಂತೂ ಅಲ್ಲ.

ಇನ್ನೊಂದು ವಿಷಯ. ನಮ್ಮ ನದಿಗಳ ದೊಡ್ಡ ಮೀನು ಮಹಶೀರ್ ಮೊಟ್ಟೆ ಇಡುವುದೇ ಮಳೆಗಾಲದಲ್ಲಿ. ಹೊಸ ನೀರು ಬಂದಾಗ ಹೊಳೆಯಲ್ಲಿ ಮೇಲಕ್ಕೆ ಹೋಗಿ ಗರಸು ಕಲ್ಲಿನ ಜಾಗ ಹುಡುಕುತ್ತದೆ. ಆ ಹೊತ್ತಿಗೆ ನಾವು ಗೇಟು ತೆಗೆದು ಸಾವಿರಾರು ಕ್ಯೂಸೆಕ್ ಹೇಗೂ ಬಿಡುತ್ತಿರುತ್ತೇವೆ. ತೊಂದರೆ ಆಗುವುದು ಗೇಟನ್ನು ಒಮ್ಮೆಲೇ ಮುಚ್ಚಿದಾಗ, ನೀರು ಸರ್ರನೆ ಇಳಿದು ಮೊಟ್ಟೆ, ಮರಿಗಳು ಒಣಕಲ್ಲಿನ ಮೇಲೆ ಉಳಿದುಬಿಡುತ್ತವೆ. ನಿಧಾನವಾಗಿ ಇಳಿಸಿದರೆ ಎಷ್ಟು ನೀರು ನಷ್ಟ ಆದೀತು? ಅಂದಹಾಗೆ, 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ದಖನ್ ಮಹಶೀರ್ ಬಗ್ಗೆ ಮೊದಲು ಬರೆದದ್ದು ನಮ್ಮ ಮುಳಾ-ಮುಠಾ ನದಿಯ ಮೀನು ನೋಡಿ. ಈಗ ಅದೇ ನದಿಯ ಸೇತುವೆ ಮೇಲೆ ಮೂಗು ಮುಚ್ಚಿಕೊಂಡು ಓಡಾಡುತ್ತೇವೆ.

ಮೀನಿಗಾಗಿ ನಿಜಕ್ಕೂ ಕಷ್ಟಪಟ್ಟ ಊರುಗಳಿವೆ, ಇಲ್ಲ ಅನ್ನಲ್ಲ. ಅಮೆರಿಕದ ಕ್ಲಾಮತ್‌ನಲ್ಲಿ 2001ರ ಬರಗಾಲದಲ್ಲಿ ಸರೋವರದ ಸಕ್ಕರ್ ಮೀನಿಗೆ ನೀರಿನ ಮಟ್ಟ ಕಾಯಬೇಕು, ಕೆಳಗಿನ ನದಿಯ ಸಾಲ್ಮನ್‌ಗೂ ನೀರು ಬಿಡಬೇಕು ಅಂತ ರೈತರ ಕಾಲುವೆ ಬಂದ್ ಮಾಡಿದರು. ಮರುವರ್ಷ ರೈತರಿಗೆ ಕೊಟ್ಟರು, ನದಿ ಇಳಿಯಿತು, ಹತ್ತಾರು ಸಾವಿರ ಸಾಲ್ಮನ್ ಸತ್ತವು. ಅಲ್ಲಿನ ಜಗಳ ನಿಜವಾದದ್ದು. ನಾವಿಲ್ಲಿ ಲೆಕ್ಕವನ್ನೇ ನೋಡದೆ ಸುಮ್ನೆ ಜಗಳ ಆಡುತ್ತೇವೆ.

ಗಾಳ ಹಾಕುವವರ ಮೇಲೂ ಜನರಿಗೆ ಸಿಟ್ಟು. ನಾನೂ ಗಾಳ ಹಿಡಿಯುವವನೇ, ಹಾಗಾಗಿ ಇಲ್ಲಿ ಪಕ್ಷಪಾತ ಇದ್ದರೂ ಇರಬಹುದು. ಆದರೆ ಕಾವೇರಿ ದಡದ ಗಾಲಿಬೋರೆಯಲ್ಲಿದ್ದ ಗಾಳದವರ ಶಿಬಿರದ ಕಥೆ ಕೇಳಿ. ಅಲ್ಲಿ ಹಿಡಿದ ಮೀನನ್ನು ತೂಕ ನೋಡಿ, ಬರೆದುಕೊಂಡು, ವಾಪಸ್ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಬರಹದಿಂದಲೇ ಸಂಶೋಧಕರಿಗೆ ಒಂದು ಸಂಗತಿ ಗೊತ್ತಾಯಿತು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಕಡಿಮೆಯಾಗುತ್ತಿತ್ತು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾಗುತ್ತಿತ್ತು. ಈ ನೀಲಿ ರೆಕ್ಕೆಯದು ನಮ್ಮ ಪಕ್ಕದ ಲೋಣಾವಳದಲ್ಲಿ ಮರಿ ಮಾಡಿಸಿ ಬೇರೆ ಬೇರೆ ನದಿಗಳಿಗೆ ಕಳಿಸಿದ ಜಾತಿಯೇ! ಮೀನು ಉಳಿಸುತ್ತೇವೆ ಅಂತ ಮರಿ ಬಿಟ್ಟು ಫೋಟೊ ತೆಗೆಸಿಕೊಳ್ಳುವವರು ಇದನ್ನು ಓದಬೇಕು. ಡುಬ್ಬದ ಮೀನು 2018ರಲ್ಲಿ ಜಗತ್ತಿನ ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಆ ಶಿಬಿರವಿದ್ದ ಅಭಯಾರಣ್ಯದಲ್ಲಿ ಗಾಳ ಹಾಕುವುದು ನಿಂತ ಮೇಲೆ ಆ ಲೆಕ್ಕ ಬರೆಯುವುದೂ ನಿಂತಿತು. ಹಿಡಿದು ಬಿಡುವ ನಿಯಮಕ್ಕೆ ಒಪ್ಪುವ ಕೆಲವರಿಗಾದರೂ ಅವಕಾಶ ಕೊಟ್ಟು, ಅವರ ಕೈಯಲ್ಲೇ ಮೀನಿನ ಜೊತೆ ನದಿಯ ನೀರಿನ ಮಟ್ಟವನ್ನೂ ಬರೆಸಬಹುದು ಅಲ್ವಾ?

ನಿಮ್ಮಲ್ಲಿ ಒಂದು ಕೋರಿಕೆ. ಮಳೆಗಾಲದಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ಬರುತ್ತದೆ. ಹೊರಹರಿವಿನಲ್ಲಿ ಕಾಲುವೆಗೆ ಎಷ್ಟು, ನದಿಗೆ ಎಷ್ಟು ಅಂತ ಬೇರೆ ಬೇರೆ ಹಾಕಿ, ಬೇಸಿಗೆಯಲ್ಲೂ ನಿಲ್ಲಿಸಬೇಡಿ.

ಇತಿ,
ಪುಣೆಯ ಒಬ್ಬ ಓದುಗ