ವಿಲ್ಫ್ರೆಡ್ ಬ್ರಿಟಿಷರು ಬಿಟ್ಟುಹೋದ ಹೆಸರಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಹೆಸರಿಡುವ ರೂಢಿ ಬದಲಾಗುತ್ತಿರುವ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು, ಕರಾವಳಿಯ ಕ್ರೈಸ್ತರಲ್ಲಿ ಬಳಕೆಯಲ್ಲಿರುವ ವಿಲ್ಫ್ರೆಡ್‌ನಂಥ ಹೆಸರುಗಳನ್ನು ‘ಬ್ರಿಟಿಷರು ಬಿಟ್ಟುಹೋದವು’ ಎಂಬ ಒಂದೇ ಮಾತಿನಲ್ಲಿ ಮುಗಿಸಿದೆ. ಮೂವತ್ತು ವರ್ಷ ತರಗತಿಯಲ್ಲಿ ಹಾಜರಿ ಕರೆಯುವಾಗ ಆ ಹೆಸರನ್ನು ಪ್ರೀತಿಯಿಂದ ಕೂಗಿದ ನನಗೆ ಇದು ನೋವು ತಂದಿತು. ಮೇಲಾಗಿ ಆ ಮಾತು ಪೂರ್ತಿ ಸರಿಯೂ ಅಲ್ಲ.

ಹಳೆಯ ಇಂಗ್ಲಿಷಿನಲ್ಲಿ ‘ವಿಲ್ಲ’ ಎಂದರೆ ಇಚ್ಛೆ, ‘ಫ್ರಿಥ್’ ಎಂದರೆ ಶಾಂತಿ. ಇವೆರಡೂ ಕೂಡಿ ಆದ ಹೆಸರಿದು. 664ರಲ್ಲಿ ಉತ್ತರ ಇಂಗ್ಲೆಂಡಿನ ವಿಟ್ಬಿಯಲ್ಲಿ ನಡೆದ ಧರ್ಮಸಭೆಯಲ್ಲಿ, ಈಸ್ಟರ್ ಹಬ್ಬದ ದಿನವನ್ನು ರೋಮಿನ ಲೆಕ್ಕದಂತೆಯೇ ಗೊತ್ತುಮಾಡಬೇಕೆಂದು ವಾದಿಸಿ ಗೆದ್ದವರು, ಮುಂದೆ ಬಿಷಪರಾದ ಸಂತ ವಿಲ್ಫ್ರಿಡ್. ಅವರು ರಿಪನ್‌ನಲ್ಲಿ ಕಟ್ಟಿಸಿದ ಚರ್ಚಿನ ನೆಲಮಾಳಿಗೆ ಇಂದಿಗೂ ಉಳಿದಿದೆ. ಆದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ವಿಲಿಯಂ, ರಾಬರ್ಟ್, ರಿಚರ್ಡ್ ಮುಂತಾದ ಆಳುವವರ ಹೆಸರುಗಳೇ ಕ್ರಮೇಣ ಹಳ್ಳಿಗಳವರೆಗೂ ಇಳಿದವು. ಗೆದ್ದವರ ಹೆಸರನ್ನು ಮಕ್ಕಳಿಗಿಟ್ಟು, ಅಜ್ಜಂದಿರ ಹೆಸರುಗಳಲ್ಲಿ ಹೆಚ್ಚಿನವನ್ನು ಮರೆತವರು ಸ್ವತಃ ಇಂಗ್ಲಿಷರೇ ಎಂಬುದನ್ನು ಲೇಖಕರು ಗಮನಿಸಬೇಕಿತ್ತು.

ಹೀಗೆ ಶತಮಾನಗಳ ಕಾಲ ಅಪರೂಪವಾಗಿದ್ದ ಹೆಸರು ಮತ್ತೆ ಚಿಗುರಿದ್ದು 19ನೆಯ ಶತಮಾನದಲ್ಲಿ, ಹಳೆಯ ಸಂತರ ಬಗ್ಗೆಯೂ ನಾರ್ಮನ್ನರಿಗಿಂತ ಹಿಂದಿನ ಇಂಗ್ಲೆಂಡಿನ ಬಗ್ಗೆಯೂ ಅಲ್ಲಿ ಒಲವು ಹುಟ್ಟಿದಾಗ. 1819ರ ಕೊನೆಯಲ್ಲಿ ಹೊರಬಂದ ವಾಲ್ಟರ್ ಸ್ಕಾಟ್‌ನ ‘ಐವನ್ಹೊ’ ಕಾದಂಬರಿಯ ನಾಯಕನ ಹೆಸರೂ ವಿಲ್ಫ್ರೆಡ್. 1877ರಲ್ಲಿ ಹುಟ್ಟಿ, ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಿಕೆಟ್ ಪಡೆದ ವಿಲ್ಫ್ರೆಡ್ ರೋಡ್ಸ್ ಮತ್ತು 1893ರಲ್ಲಿ ಹುಟ್ಟಿ, ಮೊದಲ ಮಹಾಯುದ್ಧ ಮುಗಿಯಲು ಒಂದೇ ವಾರವಿರುವಾಗ ಗುಂಡಿಗೆ ಬಲಿಯಾದ ಕವಿ ವಿಲ್ಫ್ರೆಡ್ ಓವೆನ್ ಆ ಕಾಲದ ಕೂಸುಗಳು. 20ನೆಯ ಶತಮಾನದ ಉತ್ತರಾರ್ಧಕ್ಕೆ ಅಲ್ಲಿ ಅದು ತಾತಂದಿರ ಹೆಸರಾಗಿಬಿಟ್ಟಿತು.

ಅಲ್ಲಿ ಬಾಡಿದ ಹೆಸರು ಇಲ್ಲಿ ಬಾಡಲಿಲ್ಲ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಅದು ವಿಲ್ಲಿಯಾಗಿ, ವಿಲ್ಫಿಯಾಗಿ ಒಗ್ಗಿಕೊಂಡಿತು. ‘ಕೊಂಕಣ್ ಕೋಗುಳ್’ ಎಂದು ಜನ ಕರೆದ ಗಾಯಕ ವಿಲ್ಫಿ ರೆಬಿಂಬಸ್ (1942–2010) ಅವರ ಹೆಸರು ನಮ್ಮ ಕಿವಿಗೆ ಪರದೇಶದ್ದೆಂದು ಎಂದೂ ಕೇಳಿಸಿಲ್ಲ. ಈಗಂತೂ ಇಂಗ್ಲೆಂಡಿನಲ್ಲೇ ಅದು ಮರಳಿ ಬರುತ್ತಿದೆ. 2020ರಲ್ಲಿ ಅಲ್ಲಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ತಮ್ಮ ಅಜ್ಜನ ನೆನಪಿಗೆ ಮಗನಿಗೆ ವಿಲ್ಫ್ರೆಡ್ ಎಂದೇ ಹೆಸರಿಟ್ಟರು.

ನಮ್ಮ ಕರಾವಳಿಯ ಹಳೆಯ ಚರ್ಚುಗಳಲ್ಲಿ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳಿವೆ. ಧರ್ಮಗುರುಗಳ ಅನುಮತಿ ಪಡೆದು ತಮ್ಮ ವರದಿಗಾರರು ಅವುಗಳನ್ನು ದಶಕದಿಂದ ದಶಕಕ್ಕೆ ಓದಿ, ಯಾವ ಹೆಸರು ಯಾವಾಗ ಬಂತು, ಯಾವಾಗ ವಿರಳವಾಯಿತು ಎಂಬುದನ್ನು ಅದೇ ಪುರವಣಿಯಲ್ಲಿ ಬರೆಯಲೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಕಾರ್ಕಳ