ಮಣ್ಣಿನ ಟ್ರ್ಯಾಕಿನ ಬ್ರೇಕು ದೇವರಾಯನದುರ್ಗದ ಇಳಿಜಾರಿಗಲ್ಲ

ಮಾನ್ಯ ಸಂಪಾದಕರೇ,

ಮಣ್ಣಿನಲ್ಲಿ ನಡೆಯುವ ಕಾರು ಓಟಗಳಾದ ಆಟೋಕ್ರಾಸ್, ರ‍್ಯಾಲಿಗಳಲ್ಲಿ ಓಡಿಸಲೆಂದು ಹಳೆಯ ಸಣ್ಣ ಕಾರುಗಳ ಬ್ರೇಕ್ ಪೈಪುಗಳನ್ನು ಬದಲಿಸಿಕೊಳ್ಳುವ ಯುವಕರು ತುಮಕೂರಿನ ನನ್ನ ಗ್ಯಾರೇಜಿಗೆ ಬರುತ್ತಿರುತ್ತಾರೆ. ಅವರ ಉತ್ಸಾಹ ನನಗೆ ಮೆಚ್ಚುಗೆಯೇ. ಆದರೆ ಮಣ್ಣಿನ ಟ್ರ್ಯಾಕಿಗೆಂದು ಹೊಂದಿಸಿದ ಬ್ರೇಕಿನಲ್ಲೇ ಕೆಲವರು ಭಾನುವಾರ ದೇವರಾಯನದುರ್ಗದ ಬೆಟ್ಟಕ್ಕೆ ಹೋಗಿಬರುವುದನ್ನು ಕಂಡು ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಬ್ರೇಕ್ ಒತ್ತಿದಾಗ ಭಾರವು ಮುಂದಿನ ಚಕ್ರಗಳ ಮೇಲೆ ಬಿದ್ದು ಹಿಂದಿನವು ಹಗುರಾಗುತ್ತವೆ. ಮಣ್ಣಿನಲ್ಲಿ ಟೈರಿಗೆ ಹಿಡಿತ ಕಡಿಮೆ. ಕಾರಿನ ವೇಗ ಥಟ್ಟನೆ ಇಳಿಯದ ಕಾರಣ ಭಾರವೂ ಅಷ್ಟಾಗಿ ಮುಂದಕ್ಕೆ ಸರಿಯುವುದಿಲ್ಲ. ಹೀಗಾಗಿ ಅಲ್ಲಿ ಹಿಂದಿನ ಬ್ರೇಕಿಗೆ ಹೆಚ್ಚಿನ ಪಾಲು ಕೊಡುವುದು ಸರಿಯೇ. ಅದೇ ಹೊಂದಾಣಿಕೆಯಲ್ಲಿ ಒಣ ಡಾಂಬರಿನ ಇಳಿಜಾರಿನ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳೇ ಮೊದಲು ಲಾಕ್ ಆಗಿ, ಅಂದರೆ ತಿರುಗದೆ ಜಾರತೊಡಗಿ, ಕಾರು ಗಿರಕಿ ಹೊಡೆಯುತ್ತದೆ. ಮುಂದಿನವು ಮೊದಲು ಲಾಕ್ ಆದರೆ ಸ್ಟೀರಿಂಗ್ ಮಾತು ಕೇಳದಿದ್ದರೂ ಕಾರು ನೇರವಾಗಿ ಸಾಗುತ್ತದೆ, ಪೆಡಲ್ ಸಡಿಲಿಸಿ ಸುಧಾರಿಸಿಕೊಳ್ಳಬಹುದು.

ಇತ್ತೀಚೆಗೆ ಬಂದ ಒಂದು ಕಾರಿನಲ್ಲಿ, ಬೇರೊಂದು ಕಡೆ ಮಾಡಿಸಿದ ಕೆಲಸದ ಫಲವಾಗಿ, ಹಿಂದಿನ ಬ್ರೇಕಿನ ಒತ್ತಡ ತಗ್ಗಿಸಬೇಕಾದ ವಾಲ್ವನ್ನು, ಪೆಡಲಿನ ಒತ್ತನ್ನು ಬ್ರೇಕ್ ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಎರಡು ಪೈಪುಗಳ ಪೈಕಿ ಒಂದಕ್ಕೆ ಮಾತ್ರ ಕೂರಿಸಲಾಗಿತ್ತು. ಮುಂದಿನ ಚಕ್ರಗಳಿಂದಲೇ ಚಲಿಸುವ ಸಣ್ಣ ಕಾರುಗಳಲ್ಲಿ ಬ್ರೇಕ್ ಪೈಪುಗಳು ಸಾಮಾನ್ಯವಾಗಿ ಅಡ್ಡಡ್ಡ ಹಾಯ್ದಿರುತ್ತವೆ: ಮುಂದಿನ ಎಡಚಕ್ರಕ್ಕೆ ಹಿಂದಿನ ಬಲಚಕ್ರ ಜೊತೆ. ಆ ವಾಲ್ವಿನಿಂದಾಗಿ ಒಂದು ಮುಂದಿನ ಚಕ್ರದ ಬ್ರೇಕೂ ದುರ್ಬಲವಾಗಿ, ಬ್ರೇಕ್ ಒತ್ತಿದಾಗಲೆಲ್ಲ ಕಾರು ಒಂದೇ ಕಡೆಗೆ ಎಳೆಯುತ್ತಿತ್ತು. ಒಂದು ಪೈಪು ಒಡೆದರೂ ಒಂದು ಮುಂದಿನ ಬ್ರೇಕಾದರೂ ಉಳಿಯಲಿ ಎಂಬ ಕಾರಣಕ್ಕೇ ತಯಾರಕರು ಹಾಗೆ ಹಾಯಿಸಿರುತ್ತಾರೆ. ರೇಸಿಗಾಗಿ ಮುಂದು–ಹಿಂದೆ ಎಂದು ಬೇರ್ಪಡಿಸಿದ ಕಾರಿನಲ್ಲಿ ಮುಂದಿನ ಪೈಪು ಒಡೆದರೆ ಹಿಂದಿನ ಬ್ರೇಕಷ್ಟೇ ಉಳಿಯುತ್ತದೆ. ಇಳಿಜಾರಿನಲ್ಲಿ ಅದು ಏನೇನೂ ಸಾಲದು.

ಅದೇ ಕಾರಿಗೆ ತಾಮ್ರದ ಪೈಪು ಹಾಕಿದ್ದರು. ಬಗ್ಗಿಸಲು ಸುಲಭವೆಂಬುದು ನಿಜ, ಆದರೆ ನಡುಕಕ್ಕೆ ತಾಮ್ರವು ಗಡುಸಾಗಿ ಬಿರುಕು ಬಿಡುತ್ತದೆ. ಉಕ್ಕಿನ ಅಥವಾ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ಹಾಕಿ, ತುದಿಗೆ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಚಿ ಅಗಲಿಸುವುದು) ಮಾಡಬೇಕು. ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು; ತೇವ ಹೀರಿದರೆ ಆ ಮಿತಿ 155ಕ್ಕೆ ಇಳಿಯಬಹುದು. ಆದ್ದರಿಂದ ತೆರೆದಿಟ್ಟ ಡಬ್ಬಿಯ ಆಯಿಲ್ ಬಳಸಬಾರದು.

ತಯಾರಕರ ಮೂಲ ವಿನ್ಯಾಸವನ್ನು ಬದಲಿಸಿದ ವಾಹನವನ್ನು ರಸ್ತೆಗೆ ತರುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯೂ ಇದೆ. ರೇಸಿನ ಕಾರನ್ನು ಲಾರಿಯಲ್ಲೋ ಟ್ರೇಲರಿನಲ್ಲೋ ಟ್ರ್ಯಾಕಿಗೆ ಸಾಗಿಸಬೇಕು.

ವಿದ್ಯಾರ್ಥಿಗಳೇ ಕಾರು ಕಟ್ಟುವ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲಿ ನಾಲ್ಕೂ ಚಕ್ರಗಳು ಲಾಕ್ ಆಗುವುದನ್ನು ತೋರಿಸದೆ ಮುಂದಿನ ಓಟಕ್ಕೆ ಬಿಡುವುದಿಲ್ಲ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಮೈದಾನದಲ್ಲಿ ತಿಂಗಳಿಗೊಮ್ಮೆಯಾದರೂ ಇಂತಹ ಪರೀಕ್ಷೆಗೆ ಊರಿನ ಹುಡುಗರಿಗೂ ಅವಕಾಶ ಕೊಡಲಿ ಎಂದು ಕೋರುತ್ತೇನೆ. ಪೈಪು ಕಟ್ಟುವ, ಅದರೊಳಗಿನ ಏರ್ ತೆಗೆಯುವ ಕೆಲಸವನ್ನು ಅಲ್ಲಿ ಉಚಿತವಾಗಿ ಕಲಿಸಲು ನಾನು ಸಿದ್ಧನಿದ್ದೇನೆ.

– ಒಬ್ಬ ಕಾರು ಮೆಕ್ಯಾನಿಕ್, ತುಮಕೂರು